ಕೆರೆಯ ಮಣ್ಣು, ಅಧ್ಯಕ್ಷರ ಕಾಡು

ಸತ್ತ ಗಿಡಮರಗಳ ವಿಚಾರ ನೋಡಿಕೊಂಡರೆ ಬದುಕಿರುವವರ ಕಾಟ ಇರುವುದಿಲ್ಲ ಎಂದುಕೊಂಡು ನಾನು ಈ ಕೆಲಸಕ್ಕೆ ಬಂದೆ. ಮೂವತ್ತು ವರ್ಷವಾಯಿತು, ಕಾಟ ಒಂದು ವಾರವೂ ತಪ್ಪಿಲ್ಲ.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಹೂವಿನ ಪರಾಗದ ಸಿಪ್ಪೆ ಬಹಳ ಗಟ್ಟಿ. ಕೆರೆಯ ತಳದ ಕೆಸರಿನಲ್ಲಿ ಗಾಳಿಯಾಡದೆ ಕೂತುಬಿಟ್ಟರೆ ಸಾವಿರಾರು ವರ್ಷ ಹಾಗೇ ಇರುತ್ತದೆ. ಒಂದೊಂದು ಬಗೆಯ ಗಿಡದ ಪರಾಗಕ್ಕೆ ಒಂದೊಂದು ಆಕಾರ. ಕೆಸರನ್ನು ತೊಳೆದು, ಸೋಸಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ಕಣ ಕಣ ಎಣಿಸಿದರೆ ಆ ಕಾಲದಲ್ಲಿ ಸುತ್ತಮುತ್ತ ಏನು ಬೆಳೆದಿತ್ತು ಎಂದು ಹೇಳಬಹುದು. ಸೈಬೀರಿಯಾದಲ್ಲಿ ಸೊಳ್ಳೆ ಕಚ್ಚಿಸಿಕೊಂಡು, ಕೀನ್ಯಾದಲ್ಲಿ ನೀರಾನೆಗೆ ಹೆದರಿಕೊಂಡು, ಐರ್ಲೆಂಡಿನಲ್ಲಿ ಮೊಣಕಾಲುದ್ದ ಜವುಗಿನಲ್ಲಿ ನಿಂತು ಇದನ್ನೇ ಮಾಡಿದ್ದೇನೆ. ಅಲ್ಲೆಲ್ಲ ಜನ ಏನು ಸಿಕ್ಕಿತು ಎಂದು ಕೇಳುತ್ತಿದ್ದರು. ಏನು ಸಿಗಬೇಕು ಎಂದು ಕೆಸರು ತೆಗೆಯುವ ಮೊದಲೇ ಹೇಳಿಕೊಟ್ಟವರು ಪಶ್ಚಿಮ ಬೆಂಗಳೂರಿನಲ್ಲಿ ಮಾತ್ರ ಸಿಕ್ಕರು.

೧. ಪಟ್ಟಿ ರೆಡಿ ಇದೆ

ಊರೂರು ಸುತ್ತಿ ಸಾಕಾಗಿ ಬಸವೇಶ್ವರನಗರದಲ್ಲಿ ಅತ್ತಿಗೆಯ ಮನೆಯ ಮಹಡಿಯಲ್ಲಿ ಬಂದು ಕೂತಿದ್ದೆ. ಒಂದು ದಿನ ಒಬ್ಬ ಹಿರಿಯರು ಫೈಲು ಹಿಡಿದು ಬಂದರು. ಮೂಡಲಪಾಳ್ಯದ ಆಚೆಯ ಒಂದು ಬಡಾವಣೆಯ ಸಂಘದ ಅಧ್ಯಕ್ಷರಂತೆ. ಹಳೇ ಊರಿನ ಮನೆತನ. ಅವರ ತಂದೆ ರಾಗಿ ಬೆಳೆದ ಹೊಲದಲ್ಲಿ ಇವರು ಬಾಡಿಗೆ ಮನೆ ಬೆಳೆದಿದ್ದಾರೆ. ಬಡಾವಣೆಯ ಸಣ್ಣ ಕೆರೆಯ ಹೂಳೆತ್ತಿ, ಸುತ್ತ ವಾಕಿಂಗ್ ಪಾತ್ ಹಾಕಿ, ದಡದಲ್ಲಿ 'ಪ್ರಾಚೀನ ವನ' ಎಂದು ಒಂದು ಪಾರ್ಕು ಮಾಡುವುದು ಅವರ ಯೋಜನೆ.

"ಎಲ್ಲ ರೆಡಿ ಮೇಡಂ. ಪಾರ್ಕಿನ ಬೋರ್ಡಿಗೆ ನಿಮ್ಮದೊಂದು ಸೈನ್ ಬೇಕಿತ್ತು ಅಷ್ಟೇ," ಎಂದು ಒಂದು ಹಾಳೆ ಮುಂದಿಟ್ಟರು.

ಮೇಲೆ ದಪ್ಪಕ್ಷರದಲ್ಲಿ 'ಸಾವಿರಾರು ವರ್ಷಗಳ ಹಿಂದೆ ಈ ಸ್ಥಳದಲ್ಲಿದ್ದ ವೃಕ್ಷಗಳು' ಎಂದಿತ್ತು. ಕೆಳಗೆ ಇಪ್ಪತ್ತೊಂದು ಮರಗಳ ಪಟ್ಟಿ. ಅದರ ಕೆಳಗೆ ಡಾಕ್ಟರ್ ಸಮೇತ ನನ್ನ ಹೆಸರು. ಪಟ್ಟಿಯಲ್ಲಿ ಮೂರನೆಯದು ನೀಲಗಿರಿ, ಏಳನೆಯದು ಗುಲ್‌ಮೊಹರ್.

"ಸಾರ್, ನೀಲಗಿರಿ ಆಸ್ಟ್ರೇಲಿಯಾದಿಂದ ಬಂದಿದ್ದು. ಗುಲ್‌ಮೊಹರ್ ಮಡಗಾಸ್ಕರ್‌ನದು."

"ಏನ್ ಮೇಡಂ ನೀವು, ನಾನು ಹುಟ್ಟಿದಾಗಿಂದ ನಮ್ಮನೆ ಮುಂದೆ ಗುಲ್‌ಮೊಹರ್ ಇದೆ."

"ತಮಗೆ ವಯಸ್ಸೆಷ್ಟು?"

"ಎಪ್ಪತ್ತೆರಡು."

"ಪ್ರಾಚೀನ ಅಂದರೆ ಅದಕ್ಕಿಂತ ಸ್ವಲ್ಪ ಹಿಂದೆ ಸಾರ್."

ಅವರು ನಗಲಿಲ್ಲ. ಆದರೆ ನಾನೂ ಅವರನ್ನು ಓಡಿಸಲಿಲ್ಲ, ಕಾರಣವಿತ್ತು. ಈ ಕಡೆಯ ಕೆರೆಗಳನ್ನೆಲ್ಲ ತಳ ಕಾಣುವ ತನಕ ಕೆರೆದು ಮುಗಿಸಿದ್ದಾರೆ. ಇವರ ಕೆರೆಯ ಒಂದು ಮೂಲೆಯಲ್ಲಿ ಮಾತ್ರ, ಕೆರೆ ಕಟ್ಟುವುದಕ್ಕೂ ಹಿಂದೆ ನೀರು ನಿಲ್ಲುತ್ತಿದ್ದ ತಗ್ಗಿನಲ್ಲಿ, ಯಾರೂ ಕೆದಕದ ಕಪ್ಪು ಮಣ್ಣಿನ ಪದರ ಉಳಿದಿತ್ತು. ಐದಾರು ದೇಶಗಳ ಹಳೇ ಹಸಿರನ್ನೆಲ್ಲ ಎಣಿಸಿ ಬಂದವಳಿಗೆ, ತಾನು ಹುಟ್ಟಿದ ಊರಿನಲ್ಲಿ ಏನು ಬೆಳೆದಿತ್ತು ಎಂದು ಗೊತ್ತಿರಲಿಲ್ಲ. ಜೆಸಿಬಿ ಬರುವುದು ಸೋಮವಾರ. ಆ ಮೂಲೆ ಹೋದರೆ ಇನ್ನು ಗೊತ್ತಾಗುವ ದಾರಿಯೂ ಇಲ್ಲ.

"ಆ ಮೂಲೆಯ ಮಣ್ಣು ಮೊದಲು ನನಗೆ ಕೊಡಿ," ಎಂದೆ. "ಅದು ಏನು ಹೇಳುತ್ತೋ ಅದನ್ನೇ ಬೋರ್ಡಿಗೆ ಹಾಕಿ. ಆಗ ಸಹಿ ಹಾಕ್ತೀನಿ. ಈ ಪಟ್ಟಿಗೆ ಮಾತ್ರ ಹಾಕಲ್ಲ."

ಅಧ್ಯಕ್ಷರು ಹಾಳೆಯನ್ನು ಮಡಿಸಿ ನನ್ನ ಕಡೆಗೇ ಸರಿಸಿದರು.

"ಆಯ್ತು ಮೇಡಂ, ಮಣ್ಣು ತಗೊಳ್ಳಿ. ಆದ್ರೆ ಪಟ್ಟೀನೂ ಜೊತೇಲಿ ಇಟ್ಕೊಂಡಿರಿ. ಮಣ್ಣು ಏನಾದ್ರೂ ಬಿಟ್ಟಿದ್ರೆ ಇದರಲ್ಲಿ ನೋಡ್ಕೋಬಹುದು."

೨. ದಡದ ಮೇಲಿನ ತಜ್ಞರು

ಜೆಸಿಬಿ ಓಡಿಸುವವರು ಸಿಂದಗಿ ಕಡೆಯವರು. ನಲವತ್ತೈದರ ಆಸುಪಾಸು, ಮೀಸೆಯಲ್ಲಿ ಆಗಲೇ ಬಿಳಿ. ಸೋಮವಾರ ಬೆಳಿಗ್ಗೆ ನಾನು ಮೊಳದುದ್ದದ ಮೂರು ಪಿವಿಸಿ ಪೈಪು ಹಿಡಿದು ಒಣಗಿದ ಕೆರೆಗೆ ಇಳಿದಾಗ ಎಂಜಿನ್ ಆರಿಸಿ ಕೇಳಿದರು.

"ಏನ್ ಹುಡುಕಾಕತ್ತೀರಿ ಮೇಡಮ್ಮಾರ?"

ಹೇಳಿದೆ. ಮೀಸೆ ತೀಡಿಕೊಂಡರು.

"ಅಂದ್ರ ಜ್ವಾಳಾ ಹೂ ಬಿಟ್ಟಾಗ ಅಂಗಿ ಮ್ಯಾಲ ಹಳದಿ ಪುಡಿ ಕುಂದರ್ತೈತಲ್ರೀ, ಅಂಥಾದ್ದು ಮಣ್ಣಾಗ ಕುಂತೈತಿ. ಅದನ್ನ ಎಣಿಸಾಂವ್ರು ನೀವು."

"ಅಷ್ಟೇ."

"ಹಂಗಾರ ಪೈಪ್ ನೆಟ್ಟಗ ಹಿಡೀರಿ. ನಾ ಒತ್ತತೀನಿ."

ಇಷ್ಟನ್ನು ಮೂರು ಖಂಡಗಳ ಪದವೀಧರರಿಗೆ ತಿಳಿಸಲು ನನಗೆ ಒಂದೊಂದು ಗಂಟೆ ಹಿಡಿದಿದೆ. ಇವರು ಬಕೆಟ್ಟಿನ ಬೆನ್ನಿನಿಂದ, ಮಗುವನ್ನು ತಟ್ಟಿ ಮಲಗಿಸುವಷ್ಟು ಮೆಲ್ಲಗೆ, ಮೊದಲನೇ ಪೈಪು ಇಳಿಸಿದರು. ಅದನ್ನು ಮಣ್ಣು ತುಂಬಿದ ಹಾಗೇ ಎತ್ತಿ, ಅಷ್ಟೇ ಆಳ ಅಗೆದು, ಅದರ ಕೆಳಗೆ ಎರಡನೆಯದು. ಆಮೇಲೆ ಮೂರನೆಯದು. ನಾನು ಮಾರ್ಕರ್ ಪೆನ್ನಿನಲ್ಲಿ ಪೈಪಿನ ಮೇಲೆ ನಂಬರು, ಯಾವ ತುದಿ ಮೇಲೆ ಎನ್ನುವುದಕ್ಕೆ ಬಾಣದ ಗುರುತು ಬರೆದೆ. ನನ್ನ ವಿಜ್ಞಾನವೆಲ್ಲ ನಿಂತಿರುವುದು ಆ ಬಾಣದ ಮೇಲೆ. ತಲೆಕೆಳಗಾದರೆ ಇತಿಹಾಸವೇ ತಲೆಕೆಳಗು.

ಅಷ್ಟರಲ್ಲಿ ದಡದ ಮೇಲೆ ವಾಕಿಂಗ್ ಮಂಡಳಿ ಸೇರಿತ್ತು. ಸ್ವೆಟರ್ ಹಾಕಿದ ಒಬ್ಬರು, "ಮೇಡಂ, ಇಷ್ಟಕ್ಕೆಲ್ಲ ನೀರು ಬರಲ್ಲ. ಸಾವಿರದ ಇನ್ನೂರು ಅಡಿಯಾದ್ರೂ ಹೋಗಬೇಕು," ಎಂದರು.

"ನೀರಿಗಲ್ಲ ಸಾರ್."

ಮಂಕಿ ಕ್ಯಾಪಿನ ಇನ್ನೊಬ್ಬರು ತಗ್ಗಿದ ದನಿಯಲ್ಲಿ, "ಸೈಟ್ ಬಿಡ್ತಾರಾ ಇಲ್ಲಿ?" ಎಂದರು. ಅವರ ಕಣ್ಣಿನಲ್ಲಿ ಆಗಲೇ ಕಾಂಪೌಂಡ್ ಎದ್ದಿತ್ತು.

"ಇಲ್ಲ ಸಾರ್. ಈ ಜಾಗ ತುಂಬಾ ಹಿಂದೆ ಏನಾಗಿತ್ತು, ಅದಕ್ಕೂ ಹಿಂದೆ ಏನಾಗಿತ್ತು, ಅಂತ ಮಣ್ಣಿನಲ್ಲಿ ನೋಡ್ತಾ ಇದೀನಿ."

ಮಂಕಿ ಕ್ಯಾಪಿನವರು ತಿಳಿಯಿತು ಎಂಬಂತೆ ತಲೆಯಾಡಿಸಿ ಪಕ್ಕದವರಿಗೆ ವಿವರಿಸಿದರು: "ಜಾಗದ ಮೂಲಪತ್ರ, ಮದರ್ ಡೀಡ್ ಹುಡುಕ್ತಾ ಇದಾರೆ."

೩. ಫ್ರಿಜ್ಜಿನೊಳಗಿನ ರೋಗಿ

ತೆಗೆದ ಮಣ್ಣನ್ನು ತಣ್ಣಗಿಡಬೇಕು. ಅತ್ತಿಗೆಯ ಫ್ರಿಜ್ಜಿನಲ್ಲಿ ತರಕಾರಿ ಖಾನೆ ಖಾಲಿ ಮಾಡಿ ಮೂರು ಪೈಪನ್ನೂ ಅಡ್ಡಡ್ಡ ಮಲಗಿಸಿದೆ. ಸಂಜೆ ಅತ್ತಿಗೆ ಕರಿಬೇವು ತೆಗೆಯಲು ಹೋದರು.

"ಏನೇ ಇದು?"

"ಮಣ್ಣು ಅತ್ತಿಗೆ. ಹೊರಗಿಟ್ಟರೆ ಕೆಡುತ್ತೆ."

"ಎಷ್ಟು ಹಳೇದು?"

"ತಳದ್ದು ಸಾವಿರಾರು ವರ್ಷದ್ದಿರಬೇಕು."

"ಅಷ್ಟು ವರ್ಷ ಬಯಲಲ್ಲಿ ಬಿದ್ದಿದ್ದು ಕೆಟ್ಟಿಲ್ಲ. ಈಗ ನನ್ನ ದೋಸೆ ಹಿಟ್ಟಿಗೆ ಜಾಗ ಬಿಟ್ಟುಕೊಟ್ಟರೆ ಮಾತ್ರ ಕೆಟ್ಟುಹೋಗುತ್ತಾ?"

ಗಾಳಿ ಸೋಕಿದ ಮೇಲೆ ಬೂಷ್ಟು ಹಿಡಿಯುತ್ತದೆ ಎಂದು ವಿವರಿಸಿದೆ. ವಿಶ್ವವಿದ್ಯಾಲಯಗಳಲ್ಲಿ ನನ್ನನ್ನು ಯಾರೂ ಇಷ್ಟು ಮೂಲಕ್ಕೇ ಹೋಗಿ ಪ್ರಶ್ನಿಸಿರಲಿಲ್ಲ.

ಮೂರನೇ ದಿನ ರಾಜಾಜಿನಗರದಿಂದ ಬೀಗರು ಬಂದರು. ಅರ್ಧ ಗಂಟೆ ಕೂತವರು ಕಾಫಿಯನ್ನು ಮುಟ್ಟದೆ ಎದ್ದುಹೋದರು. ಲೋಟಗಳಲ್ಲಿ ಕೆನೆ ಕಟ್ಟಿತ್ತು.

"ಏನಾಯ್ತು ಅತ್ತಿಗೆ ಅವರಿಗೆ?"

"ಹಾಲು ತೆಗೆಯೋವಾಗ ಅವರು ಪೈಪು ನೋಡಿಬಿಟ್ಟರು ಕಣೇ. ಏನು ಅಂತ ಕೇಳಿದರು. ನಮ್ಮ ನಾದಿನಿ ಡಾಕ್ಟರು, ಯಾರದ್ದೋ ಏನೋ ಅಂಗ ಇಟ್ಟಿದ್ದಾಳೆ ಅಂದೆ. ಮಣ್ಣು ಅಂದಿದ್ದರೆ ನಮ್ಮ ಮರ್ಯಾದೆ ಏನಾಗ್ತಿತ್ತು?"

೪. ಗುರುವಾರದ ಹೂವು

ಮರ್ಯಾದೆ ಉಳಿಸಿದ ಮೇಲೆ ಅತ್ತಿಗೆ ಪೈಪುಗಳನ್ನು ಹೊರಗೆ ಹಾಕಿದರು. ದಸರಾ ಬಂದಿತ್ತು, ಇನ್ನಷ್ಟು ನೆಂಟರು ಬರುವವರಿದ್ದರು. ಸಂಘದ ಆಫೀಸಿನಲ್ಲಿ ಮೀಟಿಂಗಿನ ಜ್ಯೂಸಿಗೆಂದು ಒಂದು ಫ್ರಿಜ್ ಇತ್ತು. "ಯಾರೂ ಮುಟ್ಟಬಾರದು" ಎಂದು ಚೀಟಿ ಅಂಟಿಸಿ ಅಲ್ಲಿಟ್ಟು ಬಂದೆ.

ಗುರುವಾರ ಆಯುಧ ಪೂಜೆ, ಮಾರನೇ ದಿನ ಹೋಗಿ ನೋಡುತ್ತೇನೆ: ಅಧ್ಯಕ್ಷರ ಮೇಜಿನ ಮೇಲೆ ಕಂಪ್ಯೂಟರ್, ಕತ್ತರಿ, ಬಾಗಿಲ ಬೀಗ, ಸಂಘದ ರಬ್ಬರ್ ಸ್ಟ್ಯಾಂಪು. ಅವುಗಳ ಸಾಲಿನಲ್ಲಿ ನನ್ನ ಮೂರು ಪೈಪು. ಮೂರಕ್ಕೂ ವಿಭೂತಿ, ಅರಿಶಿನ, ಕುಂಕುಮ, ಸೇವಂತಿಗೆ ಹಾರ. ಮೂರೂ ಅಂಗಡಿಯಿಂದ ಈಗ ತಾನೇ ತಂದ ಹಾಗೆ ಫಳಫಳ ಹೊಳೆಯುತ್ತಿದ್ದವು. ಪೂಜೆಗೆ ಮೊದಲು ಎಲ್ಲವನ್ನೂ ತೊಳೆಯಬೇಕಲ್ಲ.

ನಂಬರಿಲ್ಲ. ಬಾಣವಿಲ್ಲ. ಯಾವುದು ಮೇಲಿನದು, ಯಾವುದು ಕೆಳಗಿನದು, ಯಾವ ತುದಿ ಆಕಾಶ, ಯಾವ ತುದಿ ಪಾತಾಳ, ದೇವರಿಗೇ ಗೊತ್ತು. ಕೆರೆಯ ಮೂಲೆಯನ್ನು ಅಷ್ಟರಲ್ಲಿ ಲಾರಿಗೆ ತುಂಬಿ ಕಳಿಸಿಯಾಗಿತ್ತು.

"ಇದರ ಮೇಲೆ ಬರೆದಿತ್ತಲ್ಲ ಸಾರ್," ಎಂದೆ.

"ಅದೇ ಮೇಡಂ, ಯಾರೋ ಏನೇನೋ ಗೀಚಿಬಿಟ್ಟಿದ್ರು. ನಾನೇ ಪಕ್ಕದಲ್ಲಿ ನಿಂತು ಸೋಪು ಹಾಕಿ ಉಜ್ಜಿಸಿದೆ." ಆಮೇಲೆ ಕೃತಜ್ಞತೆಗೆ ಕಾದವರಂತೆ ನನ್ನ ಮುಖ ನೋಡಿ ಸೇರಿಸಿದರು: "ಒಂದರ ಮುಚ್ಚಳ ತೆಗೆದು ಒಳಗೂ ಹೂವು ಹಾಕಿದೀವಿ. ಹೊರಗಿಂದ ಮಾತ್ರ ಮಾಡಿದ್ರೆ ಪೂಜೆ ಮಣ್ಣಿಗೆ ತಲುಪಲ್ವಲ್ಲ."

ಹೊರಗೆ ಬಂದು ಜೆಸಿಬಿಯವರಿಗೆ ಫೋನ್ ಮಾಡಿದೆ. ಏನು ಕೇಳಬೇಕೆಂದೂ ನನಗೆ ಗೊತ್ತಿರಲಿಲ್ಲ.

"ಪೈಪಿಗೆ ನಾ ಸುತ್ತಿದ ಕೆಂಪು ಟೇಪ್ ಐತಿ ನೋಡ್ರೀ," ಎಂದರು ಅವರು. "ಟೇಪ್ ಇದ್ದ ತುದಿ ಮ್ಯಾಲಿಂದು. ಒಂದು ಸುತ್ತು ಅಂದ್ರ ಮೊದಲ್ನೇದು, ಎರಡು ಸುತ್ತು ನಡುವಿಂದು, ಮೂರು ಸುತ್ತು ತಳದ್ದು. ನಮ್ಮ ಗಾಡಿ ಆಯಿಲ್ ಪೈಪ್ ಬಿಚ್ಚುವಾಗ ಹಿಂಗಽ ಮಾಡ್ತೀವ್ರಿ. ಪೆನ್ನಿನ ಮಸಿ ನಂಬಬಾರ್ದು ಮೇಡಮ್ಮಾರ, ತೊಳದ್ರ ಹೋಗ್ತೈತಿ."

ಓಡಿಹೋಗಿ ನೋಡಿದೆ. ಹಾರದ ಕೆಳಗೆ ಟೇಪು ಇತ್ತು. ಚೆನ್ನಾಗಿ ಕಾಣುತ್ತದೆ ಎಂದು ಬಿಟ್ಟಿದ್ದರಂತೆ.

ಹೂವು ಬಿದ್ದಿದ್ದ ಪೈಪಿನ ಬಾಯಿಯಿಂದ ಎರಡು ಬೆರಳಿನಷ್ಟು ಮಣ್ಣು ಕೆರೆದು ಎಸೆಯುವ ಮುನ್ನ, ಎಷ್ಟು ಹಾಳಾಗಿದೆ ನೋಡೋಣವೆಂದು ಚಿಟಿಕೆ ಮಣ್ಣು ಮೈಕ್ರೋಸ್ಕೋಪಿಗೆ ಹಾಕಿದೆ. ಮುಳ್ಳುಮುಳ್ಳಿನ, ದುಂಡನೆಯ, ಹೊಚ್ಚ ಹೊಸ ಪರಾಗ, ಜಾತ್ರೆಯ ಹಾಗೆ. ಅಧ್ಯಕ್ಷರು ಫೋನ್ ಮಾಡಿದರು.

"ಏನಾದ್ರೂ ಹೂವು ಸಿಕ್ತಾ ಮೇಡಂ?"

"ಸಿಕ್ತು. ಸೇವಂತಿಗೆ."

"ನೋಡಿದ್ರಾ, ಆ ಕಾಲದಲ್ಲೇ ಇತ್ತು. ಯಾವಾಗಿಂದ ಇದೆ ಅಂತ ಹೇಳಬಹುದಾ?"

"ಹೇಳಬಹುದು ಸಾರ್. ಗುರುವಾರದಿಂದ."

೫. ಗೇಟಿನ ಹತ್ತಿರ

ನಾಲ್ಕು ತಿಂಗಳು ಕೂತು ಎಣಿಸಿದೆ. ಕುತ್ತಿಗೆ ಹಿಡಿಯಿತು, ಕನ್ನಡಕದ ನಂಬರು ಬದಲಾಯಿತು, ಉತ್ತರ ಸಿಕ್ಕಿತು. ತಳದಿಂದ ಮೇಲಿನ ತನಕ ಮುಕ್ಕಾಲು ಪಾಲು ಹುಲ್ಲು. ಜೊತೆಗೆ ಮುಳ್ಳುಪೊದೆ, ಅಲ್ಲೊಂದು ಇಲ್ಲೊಂದು ಕುಳ್ಳ ಮರ. ಅಂದರೆ ನಾವು ಮನೆ ಕಟ್ಟಿಕೊಂಡು ಕೂತಿರುವ ಈ ಜಾಗ ದಟ್ಟ ಕಾಡಾಗಿರಲೇ ಇಲ್ಲ, ಗಾಳಿಗೆ ತೂಗುವ ಬಯಲು. ಆ ರಾತ್ರಿ ಊಟ ಮಾಡುವಾಗ ಅತ್ತಿಗೆಗೆ ಇದನ್ನು ಹೇಳುತ್ತಾ ತುತ್ತು ಬಾಯಿಗಿಡುವುದನ್ನೇ ಮರೆತೆ. "ಬರೀ ಹುಲ್ಲಾ?" ಎಂದು ಅವರು ಇನ್ನೊಂದು ಸೌಟು ಸಾರು ಬಡಿಸಿದರು.

ಸಂಘದ ಸಭೆಯಲ್ಲಿ ಸಾರೂ ಸಿಗಲಿಲ್ಲ.

"ಹುಲ್ಲು ಅಂತ ಬೋರ್ಡ್ ಹಾಕಿದ್ರೆ ಪಕ್ಕದ ಲೇಔಟಿನವರು ನಗ್ತಾರೆ," ಎಂದರು ಕಾರ್ಯದರ್ಶಿ. ಅವರು ನಿವೃತ್ತ ಹೆಡ್‌ಮಾಸ್ಟರ್, ಯಾವ ಮಾತನ್ನೂ ಕೂತು ಆಡುವವರಲ್ಲ. "ಮಲ್ಲತ್ತಹಳ್ಳಿ ಕಡೆ ಹೋಗಿ ನೋಡಿ, ಎಂಥೆಂಥ ಪಾರ್ಕಿದೆ."

ಅಧ್ಯಕ್ಷರು ಮೃದುವಾಗಿ, "ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡಿ. ಹುಲ್ಲು ಇರಲಿ, ನಾವು ಬೇಡ ಅನ್ನಲ್ಲ. ಮರ ಒಂದು ಹತ್ತು ಜಾಸ್ತಿ ಮಾಡಿ," ಎಂದರು.

"ನಾನು ಎಣಿಸಿದ್ದು ಸಾರ್, ಬಡಿಸಿದ್ದಲ್ಲ."

"ಹೋಗ್ಲಿ, ಡೈನೋಸಾರ್‌ಗಾದ್ರೂ ಒಪ್ಕೊಳ್ಳಿ. ಫೈಬರ್‌ದು, ಹನ್ನೆರಡು ಅಡಿ. ಆರ್ಡರ್ ಕೊಟ್ಟಾಗಿದೆ."

ನಾನು ಬಿಳಿ ಹಲಗೆಯ ಹತ್ತಿರ ಹೋಗಿ ಒಂದು ಗೆರೆ ಎಳೆದೆ. ಗೆರೆಯ ಈ ತುದಿಯಲ್ಲಿ ನಮ್ಮ ಹುಲ್ಲು. ಡೈನೋಸಾರ್ ತೋರಿಸಬೇಕೆಂದರೆ ಗೆರೆ ಗೋಡೆ ದಾಟಿ, ರಸ್ತೆ ದಾಟಿ, ನಂದಿನಿ ಲೇಔಟ್ ತನಕ ಹೋಗಬೇಕು ಎಂದು ವಿವರಿಸಿದೆ. ಇವೆರಡರ ನಡುವೆ ಅಷ್ಟು ಕೋಟಿ ವರ್ಷಗಳ ಅಂತರ, ಒಂದೇ ಕಡೆ ಇಡುವುದು ಸಾಧ್ಯವೇ ಇಲ್ಲ ಎಂದೆ. ಕಾರ್ಯದರ್ಶಿಯವರೂ ಕೂತರು. ಮೊದಲ ಸಲ ಏನೋ ತಲುಪಿತು ಎಂದುಕೊಂಡೆ.

"ಅರ್ಥ ಆಯ್ತು ಮೇಡಂ," ಎಂದರು ಅಧ್ಯಕ್ಷರು. "ದೂರ ನಿಲ್ಲಿಸೋಣ. ಗೇಟ್ ಹತ್ರ."

೬. ನಮ್ಮ ಹಿರಿಯರ ತಳಿ

ಸಹಿ ನನ್ನ ಕೈಯಲ್ಲಿತ್ತು, ಅದೊಂದೇ ನನ್ನ ಬಲ. ಮೂರು ಸಭೆ ಜಗಳವಾಡಿದ ಮೇಲೆ ಒಪ್ಪಂದವಾಯಿತು: ಉಳಿದ ಪಾರ್ಕಿನಲ್ಲಿ ಅವರು ಏನು ಬೇಕಾದರೂ ನೆಟ್ಟುಕೊಳ್ಳಲಿ, ಅದಕ್ಕೆ ನನ್ನ ಹೆಸರು ಬೇಡ. ನನಗೊಂದು ಥರ್ಟಿ ಫಾರ್ಟಿ ಸೈಟಿನಷ್ಟು ಜಾಗ. ಅಲ್ಲಿ ಮಣ್ಣು ಹೇಳಿದ್ದು ಬೆಳೆಯುತ್ತದೆ, ಬೋರ್ಡಿನಲ್ಲಿ ಮಣ್ಣು ಹೇಳಿದ್ದನ್ನೇ ಬರೆಯುತ್ತಾರೆ. ಸಹಿ ಹಾಕಿಕೊಟ್ಟೆ.

ಕೆಂಗೇರಿ ಆಚೆ ಇನ್ನೂ ಸೈಟಾಗದೆ ಉಳಿದ ಬಂಡೆಗಳ ಸಂದಿಯಿಂದ ಹುಲ್ಲಿನ ಬೀಜ, ಬುಡ ತಂದೆ. ಜೆಸಿಬಿಯವರು ಒಂದು ಭಾನುವಾರ ಬಂದು ನೆಲ ಹದ ಮಾಡಿಕೊಟ್ಟರು. ಮಳೆಗಾಲದಲ್ಲಿ ಹುಲ್ಲು ಹಿಡಿಯಿತು, ಮೊಣಕಾಲೆತ್ತರ ಬಂತು. ಸಂಜೆಯ ಗಾಳಿಗೆ ಅದು ಒಂದೇ ಕಡೆಗೆ ಬಾಗಿದಾಗ ನೋಡುತ್ತಾ ನಿಂತುಬಿಡುತ್ತಿದ್ದೆ. ಸಾವಿರಾರು ವರ್ಷ ಹೀಗೇ ಬಾಗಿತ್ತು ಎನ್ನುವುದಕ್ಕೆ ನನ್ನಲ್ಲಿ ಲೆಕ್ಕವಿತ್ತು.

ಮಾರನೇ ವರ್ಷದ ಏಪ್ರಿಲ್‌ನಲ್ಲಿ ಒಣಗಿ ಹೊಂಬಣ್ಣಕ್ಕೆ ತಿರುಗಿತು. ಬಯಲಿನ ಹುಲ್ಲು ಬೇಸಿಗೆಯಲ್ಲಿ ಮಾಡುವ ಕೆಲಸವೇ ಅದು.

"ಸತ್ತೋಯ್ತಲ್ಲ ಮೇಡಂ," ಎಂದರು ಅಧ್ಯಕ್ಷರು. ಉದ್ಘಾಟನೆಗೆ ಹತ್ತು ದಿನವಿತ್ತು.

"ಸತ್ತಿಲ್ಲ ಸಾರ್. ಒಂದು ಮಳೆ ಬರಲಿ, ನೋಡಿ."

"ಮಳೆಗೆ ಇನ್ವಿಟೇಶನ್ ಕೊಟ್ಟಿಲ್ವಲ್ಲ," ಎಂದು ಹೋದರು. ತಮಾಷೆ ಮಾಡುವುದು ಕಲಿತರು ಎಂದು ನಾನು ಸಂತೋಷಪಟ್ಟೆ. ಆವತ್ತೇ ಗುಮಾನಿ ಬರಬೇಕಿತ್ತು.

ಉದ್ಘಾಟನೆಯ ದಿನ ಹೋದರೆ ಗೇಟಿನಲ್ಲಿ ಡೈನೋಸಾರ್, ಅದರ ಕುತ್ತಿಗೆಗೆ ಮಾವಿನ ತೋರಣ. ಮುಂದೆ ಹೋದೆ. ನನ್ನ ಥರ್ಟಿ ಫಾರ್ಟಿ ಹಸಿರಾಗಿತ್ತು. ಏಪ್ರಿಲ್ ಬಿಸಿಲಿನಲ್ಲಿ, ಒಂದೇ ಎತ್ತರ, ಒಂದೇ ಬಣ್ಣ, ಅಂಚಿನಲ್ಲಿ ಕತ್ತರಿ ಹಾಕಿದ ಗೆರೆ. ನನ್ನ ಹುಲ್ಲನ್ನು ಬುಡಸಮೇತ ಸವರಿ, ಅದರ ಮೇಲೆ ಪ್ಲಾಸ್ಟಿಕ್ ಹುಲ್ಲಿನ ಸುರುಳಿ ಬಿಚ್ಚಿ ಹಾಸಿದ್ದರು, ಫೋಟೋ ಸ್ಟುಡಿಯೋದವರು ಹಾಸುತ್ತಾರಲ್ಲ, ಅದು. ಪಕ್ಕದಲ್ಲಿ ಗ್ರಾನೈಟ್ ಫಲಕ: 'ಪ್ರಾಚೀನ ಹುಲ್ಲುಗಾವಲು. ಸಾವಿರಾರು ವರ್ಷಗಳ ಹಿಂದೆ ಈ ಸ್ಥಳದಲ್ಲಿ ಬೆಳೆಯುತ್ತಿದ್ದುದು ಇದೇ ಹುಲ್ಲು. ತುಳಿಯಬಾರದು.' ಕೆಳಗೆ ಬಂಗಾರದ ಅಕ್ಷರದಲ್ಲಿ ನನ್ನ ಹೆಸರು, ಡಾಕ್ಟರ್ ಸಮೇತ.

ಒಪ್ಪಂದದಂತೆ ಒಂದಕ್ಷರವೂ ತಪ್ಪಿರಲಿಲ್ಲ.

"ಏನ್ ಸಾರ್ ಇದು?" ಎಂದೆ, ಹಲ್ಲು ಕಚ್ಚಿಕೊಂಡು.

"ಇವತ್ತೊಂದು ದಿನ ಮೇಡಂ. ಫೋಟೋಗೆ," ಎಂದು ಅಧ್ಯಕ್ಷರು ನನ್ನ ಕೈಗೆ ಒಂದು ಗುಲಾಬಿ ಕೊಟ್ಟರು.

ಅಷ್ಟರಲ್ಲಿ ಮುಖ್ಯ ಅತಿಥಿ ಬಂದರು. ಸಂಭಾವಿತರು, ಮಾಗಡಿ ಕಡೆ ದೊಡ್ಡ ತೋಟ ಇರುವವರು. ಡೈನೋಸಾರ್ ಅನ್ನು ನೋಡದೆ ನೇರವಾಗಿ ಫಲಕದ ಹತ್ತಿರ ಬಂದು ಪೂರ್ತಿ ಓದಿದರು. ಬೋರ್ಡನ್ನು ಪೂರ್ತಿ ಓದುವ ಅತಿಥಿಯನ್ನು ನಾನು ಯಾವ ದೇಶದಲ್ಲೂ ಕಂಡಿರಲಿಲ್ಲ. ಆಮೇಲೆ ಚಪ್ಪಲಿ ಬಿಟ್ಟು, ಬಗ್ಗಿ, ಹುಲ್ಲನ್ನು ಅಂಗೈಯಿಂದ ಸವರಿದರು.

"ಈ ಬಿಸಿಲಲ್ಲೂ ಇಷ್ಟು ಹಸಿರಾಗಿದೆಯಲ್ರೀ."

ಅಧ್ಯಕ್ಷರು ನನ್ನ ಮುಖ ನೋಡಲಿಲ್ಲ. "ಹೌದು ಸಾರ್."

"ದಿನಾ ನೀರು ಬಿಡ್ತೀರಾ?"

"ಒಂದು ತೊಟ್ಟೂ ಬಿಡಲ್ಲ ಸಾರ್."

"ಗೊಬ್ಬರ?"

"ಏನೂ ಇಲ್ಲ. ಕಟ್ ಕೂಡ ಮಾಡಲ್ಲ, ಅಷ್ಟಕ್ಕೇ ನಿಲ್ಲುತ್ತೆ." ಸುಳ್ಳು ಒಂದೂ ಹೇಳದೆ ಇಷ್ಟು ದೂರ ಬಂದ ಧೈರ್ಯಕ್ಕೋ ಏನೋ, ಅವರ ದನಿ ಏರಿತು. "ನಮ್ಮ ಹಿರಿಯರು ಎಂಥ ತಳಿ ಇಟ್ಕೊಂಡಿದ್ರು ನೋಡಿ ಸಾರ್."

ಅತಿಥಿ ಎದ್ದು ನಿಂತು ಕೈ ಒರೆಸಿಕೊಂಡರು. ನನ್ನ ಕಡೆ ತಿರುಗಿ, ಬಹಳ ಗೌರವದಿಂದ ಕೇಳಿದರು:

"ಮೇಡಂ, ನಮ್ಮ ತೋಟಕ್ಕೂ ಬೇಕಿತ್ತು. ಇದರ ಬೀಜ ಎಲ್ಲಿ ಸಿಗುತ್ತೆ?"

"ಬೀಜ ಸಿಗಲ್ಲ ಸಾರ್," ಎಂದೆ. "ರೋಲ್ ಸಿಗುತ್ತೆ."